ನಮ್ಮ ಮಗನ ಪುತ್ತರಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತು)

ಶಾಲೆಯ ನೆನಪು ಹೇಳಿ ಎಂದು ಕರೆದಿದ್ದಾರೆ. ಆದರೆ ಹಿಂದಿನ ಸಾಲಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುವ ಹುಡುಗನನ್ನು ನೀವೆಲ್ಲ ಆಗಿನಿಂದ ತಿರುಗಿ ನೋಡುತ್ತಿದ್ದೀರಿ. ಅವನು ನನ್ನ ಮಗ. ಹಾಡು ಕೇಳುತ್ತಿಲ್ಲ, ನಮ್ಮ ಮೈಕಿನ ಸದ್ದು ತಡೆಯುತ್ತಿದ್ದಾನೆ. ಅವನ ವಿಷಯವನ್ನೇ ಹೇಳಿಬಿಡುತ್ತೇನೆ.

ಅವನಿಗೆ ಆಟಿಸಂ ಇದೆ. ಕನ್ನಡದಲ್ಲಿ ಸ್ವಲೀನತೆ ಅನ್ನುತ್ತಾರೆ. ಮಾತು ಕಡಿಮೆ. ಸದ್ದು, ಬೆಳಕು, ಬಟ್ಟೆಯ ಬಿಗಿತ ನಮಗಿಂತ ಹೆಚ್ಚು ತಟ್ಟುತ್ತದೆ. ಮುಂದೇನು ಎಂದು ಗೊತ್ತಿಲ್ಲದಿದ್ದರೆ ಭಯ. ಇದು ಯಾರ ಶಾಪವೂ ಅಲ್ಲ, ತಾಯಿ ಮುದ್ದು ಮಾಡಿ ಕೆಡಿಸಿದ್ದೂ ಅಲ್ಲ. ಈ ಕೊನೆಯ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಸ್ವಲ್ಪ ಕಾಲ ನಾನೇ ನಂಬಿದ್ದೆ.

ಅವನಿಗೆ ಐದು ವರ್ಷವಿದ್ದಾಗ ಪುತ್ತರಿಗೆ ಐನ್‌ಮನೆಗೆ ಹೋದೆವು. ಕುಪ್ಯ ತೊಡಿಸಿ ಚೇಲೆ ಬಿಗಿದದ್ದೇ ನನ್ನ ಮೊದಲ ತಪ್ಪು. ನಡುಬಾಡೆಯ ತುಂಬ ಜನ, ಬಂದವರೆಲ್ಲ ಅವನ ಕೆನ್ನೆ ಹಿಂಡುವವರೇ. ನೆರೆ ಕಟ್ಟಿ, ದೀಪ ಹಿಡಿದು ಗದ್ದೆಗೆ ನಡೆದೆವು. ಕದಿರು ತೆಗೆಯುವಾಗ ಕೋವಿ ಹಾರಿತು. ಹಿಂದೆಯೇ ಎಲ್ಲರೂ ‘ಪೊಲಿ ಪೊಲಿ ದೇವಾ’ ಎಂದು ಕೂಗಿದರು, ಮಕ್ಕಳು ಪಟಾಕಿ ಹಚ್ಚಿದರು. ತಿರುಗಿ ನೋಡಿದರೆ ಮಗ ನನ್ನ ಪಕ್ಕದಲ್ಲಿರಲಿಲ್ಲ.

ಬೆಳದಿಂಗಳಿದ್ದರೂ ಕಾಫಿ ತೋಟದೊಳಗೆ ಏನು ಕಾಣುತ್ತದೆ? ಹೆಸರು ಕೂಗಿದರೆ ಓಗೊಡುವ ಮಗುವಲ್ಲ. ಕೆಳಗೆ ಕೆರೆ, ಮೇಲೆ ಆನೆ ಓಡಾಡುವ ದಾರಿ. ಅರ್ಧ ಗಂಟೆಯ ಮೇಲೆ ಕೊಟ್ಟಿಗೆಯ ಹಿಂದೆ ಸಿಕ್ಕಿದ, ಎರಡೂ ಕಿವಿ ಮುಚ್ಚಿಕೊಂಡು, ಚೇಲೆ ಕಿತ್ತೆಸೆದು. ‘ಇಂಥ ಮಗುವನ್ನು ಯಾಕೆ ಕರೆತರುತ್ತೀರಿ’ ಎಂದರು ಒಬ್ಬರು. ಮೂರು ವರ್ಷ ನಾವು ಆ ಕಡೆ ಹೋಗಲಿಲ್ಲ.

ನಾಲ್ಕನೇ ವರ್ಷ ನಮ್ಮ ಯಜಮಾನರ ದೊಡ್ಡಪ್ಪ ಮನೆಗೆ ಬಂದರು. ಒಕ್ಕದ ಹಿರಿಯರು, ಕೋವಿ ಹಾರಿಸುವವರು ಅವರೇ. ‘ಅವನನ್ನು ಬಿಟ್ಟು ಕದಿರು ತೆಗೆಯಲು ನನಗೆ ಮನಸ್ಸಿಲ್ಲ ಮಗಳೇ. ಏನು ಮಾಡಬೇಕು ಹೇಳು’ ಎಂದರು.

ನನಗೆ ಆಗ ಹೊಳೆಯಿತು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನೆರೆ ಕಟ್ಟಲು ಇಷ್ಟು ಗಂಟೆ, ಕದಿರಿಗೆ ಇಷ್ಟು, ಊಟಕ್ಕೆ ಇಷ್ಟು ಎಂದು ನಿಮಿಷ ಸಮೇತ ಗೊತ್ತುಮಾಡುತ್ತಾರೆ. ನನ್ನ ಮಗನಿಗೆ ಬೇಕಾದದ್ದೂ ಅದೇ! ರಟ್ಟಿನ ಚೂರುಗಳ ಮೇಲೆ ಎಲೆ, ದೀಪ, ಕೋವಿ, ಕದಿರು, ಪಾಯಸ, ನಮ್ಮ ಜೀಪು ಬರೆದು ಕೆಳಗೆ ಗಂಟೆ ಹಾಕಿದೆ. ದೊಡ್ಡಪ್ಪ ಹಗಲಿನಲ್ಲೇ ತೋಟಾ ಇಲ್ಲದ ಕೋವಿ ತಂದು ಮುಟ್ಟಿಸಿದರು. ಆ ರಾತ್ರಿ ಅವನು ಹೆಡ್‌ಫೋನ್ ಹಾಕಿಕೊಂಡು ನನ್ನ ಜೊತೆ ಮನೆಯ ಜಗಲಿಯಲ್ಲೇ ನಿಂತ. ಗದ್ದೆಯಿಂದ ದೊಡ್ಡಪ್ಪ ಟಾರ್ಚನ್ನು ಮೂರು ಸಲ ಆಡಿಸಿ, ಆಮೇಲೆ ಹಾರಿಸಿದರು. ಮಗ ನನ್ನ ಕೈ ಗಟ್ಟಿಯಾಗಿ ಹಿಡಿದ, ಓಡಲಿಲ್ಲ. ಪಟಾಕಿ ನಮ್ಮ ಜೀಪು ಹೊರಟ ಮೇಲೆ ಎಂದು ತೀರ್ಮಾನವಾಗಿತ್ತು. ಮಕ್ಕಳು ಗೊಣಗಿದರು, ಗೊಣಗಲಿ. ಕದಿರು ಒಳಗೆ ಬಂದು ಕಂಬಕ್ಕೆ ನೆರೆ ಕಟ್ಟುವಾಗ ಅವನೇ ಹೋಗಿ ನಾರು ಹಿಡಿದ. ತಂಬಿಟ್ಟು ಮಾತ್ರ ಇವತ್ತಿಗೂ ಮುಟ್ಟುವುದಿಲ್ಲ, ಕೈಗೆ ಅಂಟುತ್ತದಲ್ಲ.

ಬರುವ ಜೂನ್‌ನಲ್ಲಿ ಅವನು ಇದೇ ಶಾಲೆಯ ಎಂಟನೇ ತರಗತಿಗೆ ಬರುತ್ತಾನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಸೇರಿಸಿಕೊಳ್ಳಲು ಕಾನೂನು ಸಾಕು. ಆದರೆ ಮುಖ್ಯೋಪಾಧ್ಯಾಯರೇ, ಗಂಟೆ ಬಾರಿಸುವ ಆ ರೈಲು ಕಂಬಿಯ ಪಕ್ಕದ ಕೋಣೆ ಅವನಿಗೆ ಬೇಡ. ನಾನು ಮೂರು ವರ್ಷ ಅಲ್ಲಿ ಕೂತವಳು, ಆ ಸದ್ದು ನನಗೆ ಗೊತ್ತು. ವೇಳಾಪಟ್ಟಿ ಬದಲಾದರೆ ಹಿಂದಿನ ದಿನವೇ ಹೇಳಿಕಳಿಸಿ. ರಟ್ಟಿನ ಮೇಲೆ ಬರೆಯುವ ಕೆಲಸ ನನ್ನದು.

ಈಗ ಮಾತು ಮುಗಿಸಬೇಕು. ಅವನ ಕೈಯಲ್ಲಿರುವ ಇವತ್ತಿನ ರಟ್ಟಿನಲ್ಲಿ ‘ಅಮ್ಮನ ಭಾಷಣ’ದ ನಂತರ ಊಟ ಇದೆ, ಆಗಲೇ ಗಡಿಯಾರ ನೋಡುತ್ತಿದ್ದಾನೆ. ಮನೆಗೆ ಹೋದ ಮೇಲೆ ಇನ್ನೊಂದು ಪ್ರಶ್ನೆ ಕಾದಿದೆ: ‘ಮುಂದಿನ ಪುತ್ತರಿ ಎಷ್ಟು ಗಂಟೆಗೆ?’ ಪಾಡಿಯಿಂದ ತಿಳಿಸುವವರೆಗೂ ದಿನಕ್ಕೆ ಹತ್ತು ಸಲ ಕೇಳುತ್ತಾನೆ.