ಶಾಲೆಗಳಲ್ಲಿ ಕಿರಿಯರ ಪೀಡೆಯೂ ಹಿರಿಯ ವಿದ್ಯಾರ್ಥಿಗಳ ಕರ್ತವ್ಯವೂ



ಭಟ್ಕಳ, ಹೊನ್ನಾವರ, ಕುಮಟೆ ಎಂಬ ಮೂರು ತಾಲೂಕುಗಳು ಒಂದು ಕಡೆಗೆ ಕಡಲನ್ನೂ ಇನ್ನೊಂದು ಕಡೆಗೆ ಸಹ್ಯಾದ್ರಿಯನ್ನೂ ಮೇರೆಯಾಗಿ ಉಳ್ಳವು. ಶರಾವತಿಯೂ ಅಘನಾಶಿನಿಯೂ ಇಲ್ಲಿಯೇ ಸಮುದ್ರವನ್ನು ಸೇರುವುವು. ನೆಲವು ಕಿರಿದಾದರೂ ಅಲ್ಲಿಯ ನುಡಿಗಳು ಹಲವು. ಹವ್ಯಕರ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ, ಕೊಂಕಣಿ, ಭಟ್ಕಳದ ನವಾಯತಿ, ಉರ್ದು ಇವೆಲ್ಲವೂ ಮನೆಮಾತುಗಳಾಗಿರುವುವು. 1953ರಲ್ಲಿ ದಿನಕರ ದೇಸಾಯರು ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಹಳ್ಳಿಗಾಡಿಗೆ ಹೈಸ್ಕೂಲುಗಳನ್ನು ಕೊಂಡೊಯ್ದ ತರುವಾಯ, ಒಕ್ಕಲಿನ ಮನೆಯ ಮಗುವೂ ಅಡಿಕೆ ತೋಟದ ಒಡೆಯನ ಮಗುವೂ ಒಂದೇ ಬೆಂಚಿನ ಮೇಲೆ ಕೂಡುವ ಯೋಗವು ಒದಗಿತು. ಇದು ದೊಡ್ಡ ಭಾಗ್ಯವೇ ಸರಿ. ಆದರೆ ಈ ವೈವಿಧ್ಯವೇ ಗೇಲಿಗೂ ಸಾಮಗ್ರಿಯಾಗಬಲ್ಲದು. ಘಟ್ಟದ ಬುಡದಿಂದ ಬಂದ ಹುಡುಗನ ಉಚ್ಚಾರ, ಮೀನುಗಾರರ ಹುಡುಗಿಯ ಬುತ್ತಿ, ಕೂಲಿಗಾಗಿ ಬಯಲುಸೀಮೆಯಿಂದ ಇಳಿದು ಬಂದವರ ಮಗುವಿನ ಉಡುಪು, ಇಷ್ಟು ಸಾಕು.

ಮಕ್ಕಳ ಜಗಳವೆಲ್ಲವೂ ಪೀಡೆಯಲ್ಲ. ಸಮಬಲರಾದ ಇಬ್ಬರು ಹುಡುಗರು ಬೆಳಿಗ್ಗೆ ಹೊಡೆದಾಡಿ ಸಂಜೆ ಕೂಡಿ ಆಡುವರು. ಅದಕ್ಕೆ ಹಿರಿಯರು ತಲೆ ಕೆಡಿಸಿಕೊಳ್ಳಬೇಕಾದುದಿಲ್ಲ. ಬಲವುಳ್ಳವನು ಬಲವಿಲ್ಲದವನನ್ನು ಹಿಡಿದು, ದಿನದಿನವೂ ಅದೇ ಅಡ್ಡಹೆಸರಿನಿಂದ ಕೂಗಿ, ಬುತ್ತಿಯನ್ನು ಕಸಿದು, ಪಟ್ಟಿಯನ್ನು ಕೆಸರಿಗೆಸೆದು ನೋಯಿಸುವುದೇ ಪೀಡೆಯು. ಇದರಲ್ಲಿ ಮೂರನೆಯ ಪಕ್ಷವೊಂದು ಉಂಟು. ಅದನ್ನು ಹೆಚ್ಚು ಜನರು ಲಕ್ಷ್ಯಕ್ಕೆ ತಾರರು. ಸುತ್ತಲೂ ನಿಂತು ನಗುವ ಹುಡುಗರೇ ಅದು. ಆ ನಗೆಯು ಇಲ್ಲದಿದ್ದರೆ ಪೀಡಕನ ಉತ್ಸಾಹವು ಬಹುಮಟ್ಟಿಗೆ ಇಳಿಯುವುದು.

ಕಾನೂನು ಸುಮ್ಮನೆ ಕುಳಿತಿಲ್ಲ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ವಿದ್ಯಾರ್ಥಿಯ ಮಾನವನ್ನು ಕುಂದಿಸುವ ರ‍್ಯಾಗಿಂಗನ್ನು ನಿಷೇಧಿಸಿ, ಒಂದು ವರುಷದವರೆಗಿನ ಸೆರೆಮನೆವಾಸವನ್ನೂ ದಂಡವನ್ನೂ ವಿಧಿಸಿರುವುದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಮಗುವಿಗೆ ದೇಹದಂಡನೆಯೂ ಮಾನಸಿಕ ಹಿಂಸೆಯೂ ಕೂಡದೆಂದು ಸಾರುವುದು. ಆದರೆ ಏಳನೆಯ ಇಯತ್ತೆಯ ಹುಡುಗನು ಐದನೆಯ ಇಯತ್ತೆಯವನ ಟೊಪ್ಪಿಗೆಯನ್ನು ಎತ್ತಿ ಎಸೆಯುವ ಸ್ಥಳಕ್ಕೆ ಕಾಯಿದೆಯ ಕಣ್ಣು ಮುಟ್ಟದು, ಮಾಸ್ತರರ ಕಣ್ಣೂ ಮುಟ್ಟದು. ಬಸ್ಸಿನ ಹಿಂದಿನ ಸೀಟು, ನೀರಿನ ನಲ್ಲಿಯ ಹತ್ತಿರ, ಗದ್ದೆಯ ಅಂಚಿನ ದಾರಿ, ಇತ್ತೀಚಿನ ದಿನಗಳಲ್ಲಿ ಮೊಬೈಲಿನ ಗುಂಪುಗಳು, ಇವೇ ಪೀಡೆಯ ನೆಲೆಗಳು. ಅಲ್ಲಿ ಇರುವವರು ಮಕ್ಕಳು ಮಾತ್ರ.

ಮಕ್ಕಳ ಕೈಗೆ ಅಧಿಕಾರವನ್ನು ಕೊಡುವುದು ಕನ್ನಡನಾಡಿಗೆ ಹೊಸತಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು ಮದರಾಸು ಸರಕಾರಕ್ಕೆ ಬರೆದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ ವೃತ್ತಾಂತವಿದೆ. ಮುಂದುವರಿದ ಹುಡುಗರು ಹಿಂದುಳಿದವರಿಗೆ ಪಾಠ ಹೇಳುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಗೊಳಿಸಿಕೊಳ್ಳುವ ಪದ್ಧತಿಯನ್ನು ಆತನು ಹೊಗಳಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯೋಗ್ಯವೇ ಎಂದಿರುವನು. ಅದೇ ವರದಿಯಲ್ಲಿ ಇನ್ನೊಂದು ಚಿತ್ರವೂ ಇದೆ. ಬೆಳಿಗ್ಗೆ ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಏರಿಕೆ. ಹಿರಿಯನು ಕಿರಿಯನಿಗೆ ಕಲಿಸುವುದೂ ಬೆತ್ತದ ಎಣಿಕೆಯೂ ಒಂದೇ ಸೂರಿನ ಕೆಳಗೆ ಇದ್ದುವು. ಹಲಗೆಯ ಮೇಲೆ ಗದ್ದಲ ಮಾಡಿದವರ ಹೆಸರು ಬರೆಯುವ ಮಾನಿಟರನು ಈ ಎರಡನೆಯ ಪರಂಪರೆಯ ವಾರಸುದಾರನು. ಅಂಥವನ ಕೈಗೆ ಪೀಡೆಯ ನಿವಾರಣೆಯನ್ನು ಒಪ್ಪಿಸಿದರೆ ಶಾಲೆಗೆ ಮತ್ತೊಬ್ಬ ಪೀಡಕನು ದೊರೆತಂತಾಗುವುದು.

ಹಾಗಾದರೆ ನಾಯಕನಾರು? ಅಮೇರಿಕದ ನ್ಯೂಜೆರ್ಸಿ ಸಂಸ್ಥಾನದ 56 ಶಾಲೆಗಳಲ್ಲಿ 2012–13ರಲ್ಲಿ ನಡೆದ ಪ್ರಯೋಗವೊಂದು ಇಲ್ಲಿ ಸ್ಮರಣೀಯವು. ಆರಿಸಿದ ಶಾಲೆಗಳಲ್ಲಿ ವಿದ್ಯಾರ್ಥಿಗಳ ಸಣ್ಣ ಗುಂಪೊಂದು ಪೀಡೆಯ ವಿರುದ್ಧ ತಾನೇ ಭಿತ್ತಿಪತ್ರಗಳನ್ನು ಬರೆಯಿತು. ಒಳ್ಳೆಯದನ್ನು ಮಾಡಿದವರಿಗೆ ಕೈಪಟ್ಟಿಯನ್ನು ಕಟ್ಟಿತು. ಅಂಥ ಶಾಲೆಗಳಲ್ಲಿ ಜಗಳದ ದೂರುಗಳು ಸುಮಾರು ಶೇಕಡ 30ರಷ್ಟು ಇಳಿದುವೆಂದು 2016ರಲ್ಲಿ ಪ್ರಕಟವಾಯಿತು. ಗುಂಪಿನಲ್ಲಿ ಯಾರಿದ್ದರೆಂಬುದೇ ಮುಖ್ಯವು. ಓರಗೆಯವರು ಯಾರೊಡನೆ ಹೆಚ್ಚು ಹೊತ್ತು ಕಳೆಯುವರೆಂದು ಮಕ್ಕಳನ್ನೇ ಕೇಳಿ ತಿಳಿದುಕೊಂಡಿದ್ದರು. ಅಂಥವರು ಎಷ್ಟು ಹೆಚ್ಚಾಗಿ ಗುಂಪಿನಲ್ಲಿದ್ದರೋ ಫಲವೂ ಅಷ್ಟು ಹೆಚ್ಚಾಗಿತ್ತು. ಇಲ್ಲಿಯ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಮಾಸ್ತರರ ಮೆಚ್ಚಿನ ಜಾಣ ಹುಡುಗನನ್ನೇ ಪ್ರಧಾನಿಯಾಗಿ ಮಾಡುವ ಮೋಹವುಳ್ಳವರು ಇದನ್ನು ಯೋಚಿಸಬೇಕು. ಕಬಡ್ಡಿಯ ಅಂಗಳದಲ್ಲಿ ಯಾರ ಮಾತು ನಡೆಯುವುದೋ ಆತನು ಗಣಿತದಲ್ಲಿ ಹಿಂದಿರಬಹುದು.

ದೂರದ ದೇಶದ ಮಾತು ಬೇಡವೆಂಬವರಿಗೆ ಸಮೀಪದ ನಿದರ್ಶನವೂ ಉಂಟು. ಭಟ್ಕಳದ ದಕ್ಷಿಣದ ಮೇರೆಗೆ ತಾಗಿದ್ದ ಅಂದಿನ ಕುಂದಾಪುರ ತಾಲೂಕಿನ ಕೆಲವು ಊರುಗಳಲ್ಲಿ 1995ರಿಂದ ಮಕ್ಕಳ ಪಂಚಾಯತಿಗಳು ನಡೆದುವು. ಮಕ್ಕಳೇ ಮತ ಹಾಕಿ ಪ್ರತಿನಿಧಿಗಳನ್ನು ಆರಿಸಿದರು. ಶಾಲೆ ಬಿಟ್ಟು ದುಡಿಯುವ ಮಕ್ಕಳಿಗೂ ಅಲ್ಲಿ ಸ್ಥಾನವಿತ್ತು. ಶಾಲೆಯ ದಾರಿಯ ಕಾಲುಸಂಕದಂಥ ವಿಷಯಗಳನ್ನು ಅವರು ಹಿರಿಯರ ಮುಂದಿಟ್ಟರು. ಗದರಿಸುವ ಅಧಿಕಾರವೊಂದೂ ಅವರಿಗಿರಲಿಲ್ಲ.

ಶರಣ ಸಮಾಜಕ್ಕೆ ಈ ವಿಷಯವು ಹೊರಗಿನದಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ಮೋಳಿಗೆ ಮಾರಯ್ಯ ಇವರ ಕಾಯಕವು ಅವರ ಹೆಸರಿನ ಮೊದಲಲ್ಲಿಯೇ ಗೌರವದಿಂದ ನಿಂತಿರುವುದು. ಅದೇ ಕಾಯಕದ ಹೆಸರನ್ನು ಶಾಲೆಯ ಅಂಗಳದಲ್ಲಿ ಬೈಗುಳವಾಗಿ ಮಾಡುವರು. ಅಘನಾಶಿನಿಯ ತೀರದ ಅಂಬಿಗರ ಮಗುವಿಗೆ ಚೌಡಯ್ಯನು ಯಾರೆಂದು ಹೇಳುವುದರಿಂದ ಅರ್ಧ ಕಾರ್ಯವು ಆಗುವುದು. ಆ ಮಗುವನ್ನು ನೋಡಿ ನಗುವ ಮಗುವಿಗೆ ಹೇಳುವುದರಿಂದ ಉಳಿದರ್ಧವು.

ನಾಯಕ ವಿದ್ಯಾರ್ಥಿಯು ಮಾಡತಕ್ಕದ್ದು ಅತ್ಯಲ್ಪವು. ಗೇಲಿಗೆ ನಗದಿರುವುದು, ಒಂಟಿಯಾದವನನ್ನು ಆಟಕ್ಕೆ ಕರೆಯುವುದು, ಬುತ್ತಿ ಬಿಚ್ಚುವಾಗ ಅವನ ಬಳಿಗೆ ಹೋಗಿ ಕೂಡುವುದು, ಸಂಜೆ ಜೊತೆಯಲ್ಲಿ ನಡೆಯುವುದು. ಹೊಡೆತ, ಹಣದ ಸುಲಿಗೆ, ಹೆಣ್ಣುಮಕ್ಕಳ ಮಾನಕ್ಕೆ ಸಂಬಂಧಿಸಿದ ವಿಷಯ, ಜೀವದ ಬೆದರಿಕೆ, ಇವುಗಳನ್ನು ಮಾತ್ರ ಆತನು ತನ್ನಲ್ಲಿಯೇ ಇಟ್ಟುಕೊಳ್ಳಲಾಗದು. ಮಾಸ್ತರರಿಗೋ ಅಕ್ಕೋರಿಗೋ ಕೂಡಲೇ ತಿಳಿಸಬೇಕು, ಇಲ್ಲವೆ 1098ಕ್ಕೆ ಫೋನು ಮಾಡಬೇಕು. ಆತನೂ ಮಗುವೇ, ನ್ಯಾಯಾಧೀಶನ ಭಾರವನ್ನು ಆತನ ಮೇಲೆ ಹೊರಿಸುವುದು ಹಿರಿಯರ ಸೋಮಾರಿತನವು.

ಆರಂಭಕ್ಕೆ ಜೂನ್ ತಿಂಗಳೇ ಪ್ರಶಸ್ತವು. ಮಳೆ ಹಿಡಿದಿರುವುದು, ಹೊಸ ಮಕ್ಕಳು ಹೆದರಿಕೊಂಡೇ ಬರುತ್ತಿರುವರು. ಯಾವ ಮಗು ಯಾವ ದಾರಿಯಿಂದ ಬರುವುದೆಂದು ಮುಖ್ಯೋಪಾಧ್ಯಾಯರು ಮೊದಲನೆಯ ವಾರದಲ್ಲಿಯೇ ಬರೆದಿಟ್ಟುಕೊಂಡು, ಅದೇ ದಾರಿಯ ಹಿರಿಯನೊಬ್ಬನಿಗೆ ಇಬ್ಬರು ಕಿರಿಯರಂತೆ ಜೊತೆ ಮಾಡಿಕೊಡಲಿ.