ಹೋದ ಉಗಿ ಬಾಯ್ಲರಿಗೆ ಮರಳಬೇಕು



ನಮ್ಮ ಹಾವೇರಿ ಸೀಮೆಯ ಗಿರಣಿಗಳಲ್ಲಿ ಉಗಿಯ ಲೆಕ್ಕ ಇಡುವವರು ಕಡಿಮೆ. ಉರುವಲು ಅಂಗಳದಲ್ಲೇ ಬಿದ್ದಿರುವುದೇ ಅದಕ್ಕೆ ಕಾರಣ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ನುರಿಸಿದ ಕಬ್ಬಿನಲ್ಲಿ ಶೇ. 30ರ ಆಸುಪಾಸು ಬಗಾಸ್. ಆದರೆ ಉಳಿಸಿದ ಬಗಾಸ್ ಇಂದು ಕರೆಂಟಾಗಿ ಗ್ರಿಡ್ಡಿಗೆ ಹೋಗುತ್ತದೆ, ಹೊಟ್ಟಿಗೂ ಗಿರಾಕಿ ಇದ್ದಾರೆ. ಪುಕ್ಕಟೆ ಎಂದು ಸುಡುತ್ತಿರುವುದು ಮಾರಾಟದ ಸರಕು. ನಾನು ಇಂದು ಹೇಳಬೇಕೆಂದು ಬಂದಿರುವುದು ಇದನ್ನೇ.

ಕುದಿಯುವ ಒಂದು ಕಿಲೋ ನೀರು ಉಗಿಯಾಗಲು ಸುಮಾರು 540 ಕಿಲೋಕ್ಯಾಲರಿ ಶಾಖ ಬೇಕು. ಯಂತ್ರದೊಳಗೆ ಉಗಿ ಆ ಶಾಖವನ್ನು ಬಿಟ್ಟುಕೊಟ್ಟು ನೀರಾಗುತ್ತದೆ. ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡದ ಲೈನಿನಲ್ಲಿ ಆ ನೀರು 170 ಡಿಗ್ರಿ ಬಿಸಿ ಇರುತ್ತದೆ. ಉಗಿಯ ಒಟ್ಟು ಶಾಖದ ಕಾಲು ಭಾಗ ಇನ್ನೂ ಅದರಲ್ಲೇ ಇದೆ. ಅದನ್ನು ಗಟಾರಕ್ಕೆ ಬಿಟ್ಟು, ಬೋರ್‌ವೆಲ್ಲಿನ ತಣ್ಣೀರನ್ನು ಮೆದುಗೊಳಿಸಿ ಬಾಯ್ಲರಿಗೆ ತುಂಬುತ್ತೇವೆ. ಆ ಬಿಸಿನೀರನ್ನೇ ಮರಳಿಸಿ ಬಾಯ್ಲರಿನ ಫೀಡ್ ನೀರನ್ನು 6 ಡಿಗ್ರಿ ಬಿಸಿ ಮಾಡಿದರೆ ಉರುವಲು ಶೇ. 1ರಷ್ಟು ಉಳಿಯುತ್ತದೆ, 30 ಡಿಗ್ರಿಯಿಂದ 90ಕ್ಕೆ ಏರಿಸಿದವನಿಗೆ ಹತ್ತರಲ್ಲೊಂದು ಪಾಲು ಉಳಿತಾಯ. ಮರಳಿ ಬರುವುದು ಬಟ್ಟಿ ಇಳಿಸಿದಂಥ ನೀರು, ಹಾಗಾಗಿ ಟ್ಯೂಬುಗಳಿಗೆ ಸುಣ್ಣದ ಪದರ ಕಟ್ಟುವುದೂ ತಗ್ಗುತ್ತದೆ.

ಕುಸುಬಲಕ್ಕಿ ಗಿರಣಿಯವರು ಕೇಳಬಹುದು: ಭತ್ತ ಬೇಯಿಸುವ ಟ್ಯಾಂಕಿಗೆ ನೇರ ಬಿಟ್ಟ ಉಗಿ ಹೇಗೆ ಮರಳೀತು? ಮರಳುವುದಿಲ್ಲ, ನಿಜ. ಡ್ರೈಯರಿನ ರೇಡಿಯೇಟರಿನಿಂದ ಇಳಿಯುವ ನೀರಿಗೆ ಮಾತ್ರ ಆ ನೆಪ ಹೇಳಲಾಗದು.

ಡ್ರೈಯರಿನ ಹಿಂದೆ ಹೋಗಿ ನೋಡಿ. ಉಗಿಯನ್ನು ತಡೆದು ನೀರನ್ನಷ್ಟೇ ಬಿಡುವ ಟ್ರ್ಯಾಪಿನ ಪಕ್ಕ ಬೈಪಾಸ್ ವಾಲ್ವ್ ಇರುತ್ತದೆ. ಬೆಳಿಗ್ಗೆ ಲೈನ್ ಬಿಸಿಯಾಗಲೆಂದು ಅದನ್ನು ತೆರೆಯುತ್ತಾರೆ; ಸಂಜೆಯವರೆಗೂ ಅದು ತೆರೆದೇ ಇರುತ್ತದೆ. ಹೊರಗಿನ ಗುಂಡಿಯಿಂದ ಬೆಳ್ಳನೆ ಹಬೆ ಏಳುತ್ತಿದ್ದರೂ ‘ಟ್ರ್ಯಾಪ್ ಕೆಲಸ ಮಾಡ್ತೈತಿ’ ಎಂದು ಸುಮ್ಮನಾಗುತ್ತೇವೆ. ಕಬ್ಬಿಣದ ಸಳಿಯ ಒಂದು ತುದಿಯನ್ನು ಟ್ರ್ಯಾಪಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಕೇಳಿ: ಬಹುತೇಕ ನಮೂನೆಯ ಟ್ರ್ಯಾಪುಗಳು ಬಿಟ್ಟು ಬಿಟ್ಟು ಬಡಿದರೆ ಸರಿಯಾಗಿವೆ, ಎಡೆಬಿಡದೆ ಸುಯ್ಯೆಂದರೆ ಉಗಿಯನ್ನೇ ಬಿಡುತ್ತಿವೆ. 7 ಕಿಲೋ ಒತ್ತಡದ ಕೊಳವೆಯಲ್ಲಿನ 3 ಮಿಲಿಮೀಟರ್ ತೂತು ವರ್ಷಕ್ಕೆ ಸುಮಾರು 33,000 ಲೀಟರ್ ಫರ್ನೆಸ್ ಆಯಿಲಿನಷ್ಟು ಶಾಖವನ್ನು ಗಾಳಿಗೆ ಕಳೆಯುತ್ತದೆ.

ಶಾಖವನ್ನು ಮರಳಿ ಬಳಸುವ ವಿದ್ಯೆಯಲ್ಲಿ ಸಕ್ಕರೆ ಕಾರ್ಖಾನೆಯವರು ನಮಗಿಂತ ಹಳಬರು. ಒಂದು ಪಾತ್ರೆಯಲ್ಲಿ ರಸ ಕುದಿದು ಎದ್ದ ಆವಿಯಿಂದಲೇ ಮುಂದಿನ ಪಾತ್ರೆಯ ರಸವನ್ನು ಕುದಿಸುವ ಇವ್ಯಾಪರೇಟರಿಗೆ ನ್ಯೂ ಆರ್ಲಿಯನ್ಸಿನ ನಾರ್ಬರ್ಟ್ ರಿಲಿಯೂ 1846ರಲ್ಲಿ ಪೇಟೆಂಟ್ ಪಡೆದರು. ಇಂದು ಹಾವೇರಿಯ ಸಂಗೂರಿನಂಥ ಕಬ್ಬಿನ ಊರಿನಲ್ಲಿ ನಿಂತು ಮಾತಾಡಿದರೂ ಆ ತತ್ವವನ್ನು ಬಿಟ್ಟು ಸಕ್ಕರೆಯ ಮಾತು ಮುಂದೆ ಸಾಗದು. ಆದರೆ ಎಲ್ಲ ಪಾತ್ರೆಗಳಲ್ಲಿ ಆವಿ ತಣಿದು ಇಳಿಯುವ ನೀರನ್ನೂ ಬಾಯ್ಲರಿಗೆ ಕಳಿಸುವಂತಿಲ್ಲ, ರಸ ಸೇರಿದ್ದರೆ ಟ್ಯೂಬು ಕೆಡುತ್ತದೆ. ಅದಕ್ಕೇ ನೀರಿನಲ್ಲಿ ಸಕ್ಕರೆಯನ್ನು ಪತ್ತೆಹಚ್ಚುವ ಆಲ್ಫಾ ನ್ಯಾಫ್ತಾಲ್ ಪರೀಕ್ಷೆ. ನೇರಳೆ ಉಂಗುರ ಮೂಡಿದರೆ ಆ ನೀರನ್ನು ಕೂಡಲೇ ಬೇರೆಡೆಗೆ ತಿರುಗಿಸಬೇಕು. ಲ್ಯಾಬಿನ ಹುಡುಗನ ಆ ಟೆಸ್ಟ್ ಟ್ಯೂಬನ್ನು ನಾನು ಮ್ಯಾನೇಜರರ ವರದಿಗಿಂತ ಹೆಚ್ಚು ನಂಬುತ್ತೇನೆ.

ನಮ್ಮ ಜಿಲ್ಲೆಯ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಪಲ್ಪ್ ಕಾರ್ಖಾನೆಯಲ್ಲಿ, ಕಟ್ಟಿಗೆ ಬೇಯಿಸಿ ಉಳಿದ ಕಪ್ಪು ದ್ರಾವಣವನ್ನೇ ಗಟ್ಟಿ ಮಾಡಿ ಸುಟ್ಟು ಉಗಿ ತೆಗೆಯುತ್ತಾರೆ. ಅಷ್ಟು ದೊಡ್ಡ ಬಂಡವಾಳ ನಮ್ಮಲ್ಲಿಲ್ಲ. ನಮಗೆ ಬೇಕಾದದ್ದು ಒಂದು ವಾಪಸ್ ಲೈನು, ಒಂದು ಪಂಪು, ಕೊಳವೆಗೆ ಶಾಖ ಸೋರದಂತೆ ಲ್ಯಾಗಿಂಗ್.

ಆದ್ದರಿಂದ ಈ ಸಭೆಯ ಮುಂದೆ ಒಂದು ಗೊತ್ತುವಳಿ ಇಡುತ್ತೇನೆ. ಪ್ರತಿ ಬಾಯ್ಲರಿನ ಲಾಗ್ ಪುಸ್ತಕದಲ್ಲಿ ಒತ್ತಡದ ಪಕ್ಕದಲ್ಲೇ ಫೀಡ್ ಟ್ಯಾಂಕಿನ ಉಷ್ಣಾಂಶವನ್ನೂ ಪಾಳಿಗೊಮ್ಮೆ ಬರೆಯಬೇಕು. ಮಾಲೀಕರು ವಾರಕ್ಕೊಮ್ಮೆ ಅದನ್ನು ಓದಿ ಸಹಿ ಹಾಕಬೇಕು. ಉಳಿದ ಹೊಟ್ಟಿನ ಹಣದಲ್ಲಿ ಅಟೆಂಡೆಂಟಿಗೂ ಒಂದು ಪಾಲು ಸಲ್ಲಬೇಕು. ಸಭೆ ಇದನ್ನು ಚರ್ಚೆಗೆ ಎತ್ತಿಕೊಳ್ಳಲಿ.