ಜಲಸಂಗಿಯ ಹುಡುಗಿ ಬರೆದದ್ದನ್ನು ಓದುವವರು ಯಾರು?



ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಕಲ್ಮೇಶ್ವರ ಗುಡಿಯ ಗೋಡೆಯಲ್ಲಿ ಒಬ್ಬ ಹೆಣ್ಣುಮಗಳು ಕೈಯೆತ್ತಿ ಬರೆಯುತ್ತ ನಿಂತಿದ್ದಾಳೆ. ನಮ್ಮ ನಾಡಿನ ಗುಡಿಗಳಲ್ಲಿ ಕನ್ನಡಿ ನೋಡಿಕೊಳ್ಳುವ, ಕುಣಿಯುವ ಮದನಿಕೆಯರು ಬಹಳ ಮಂದಿ ಸಿಗುತ್ತಾರೆ. ಬರೆಯುವವಳು ಅಪರೂಪ. ಅವಳು ಕೆತ್ತುತ್ತಿರುವುದು ಇದೇ ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ನಮ್ಮ ಬಿ.ಎ. ಮಕ್ಕಳು ಪ್ರವಾಸ ಹೋದಾಗ ಅವಳ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅವಳು ಬರೆದದ್ದನ್ನು ಓದಲು ಅವರಿಗೆ ಬರುವುದಿಲ್ಲ. ತಪ್ಪು ಅವರದಲ್ಲ, ನಾವು ಕಲಿಸಿಲ್ಲ.

ಈ ವಿಚಾರ ಸಂಕಿರಣದ ಆಶಯವನ್ನು ನಾನು ಅಲ್ಲಿಂದಲೇ ಹಿಡಿದು ಹೇಳುತ್ತೇನೆ. ಮಾನವಿಕ ಪದವಿ ಪಡೆದವರು ಒಂದು ಮೂಲವನ್ನು ಎದುರಿಗಿಟ್ಟುಕೊಂಡು ತಾವೇ ಓದಬೇಕು, ತಾವೇ ಅನುಮಾನಿಸಬೇಕು, ತಮ್ಮ ಮಾತಿನಲ್ಲಿ ಬರೆಯಬೇಕು. ಗೈಡು ಮತ್ತು ನೋಟ್ಸಿನ ಮೇಲೆ ಪಾಸಾದ ಪದವಿಗೆ ಈ ಹೆಸರು ಸಲ್ಲದು ಎಂದು ನಾನು ನಂಬಿದ್ದೇನೆ.

ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥವನ್ನೇ ನೋಡಿ. ವಿಜ್ಞಾನೇಶ್ವರ ಅದನ್ನು ಬರೆದದ್ದು ಕಲ್ಯಾಣದಲ್ಲಿ. ಗ್ರಂಥದ ಕೊನೆಯಲ್ಲಿ ಈ ಊರನ್ನೂ ಈ ದೊರೆಯನ್ನೂ ಕೊಂಡಾಡಿದ್ದಾನೆ. ನಮ್ಮ ಪರೀಕ್ಷೆಯಲ್ಲಿ ಅದು ಒಂದಂಕದ ಪ್ರಶ್ನೆ: ಬರೆದವರು ಯಾರು? ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ವಾದ ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಪಾಲನ್ನು ನಿರ್ಧರಿಸಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಹುಟ್ಟುಹಕ್ಕನ್ನು ಮಗಳಿಗೂ ಕೊಟ್ಟಾಗ ಕಾಯ್ದೆಯೊಳಗೆ ಮಿತಾಕ್ಷರದ ಹೆಸರು ಹಾಗೆಯೇ ಉಳಿಯಿತು. ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗಿಯ ಅಪ್ಪನ ಹೊಲದಲ್ಲಿ ಅವಳ ಪಾಲು ಎಷ್ಟು ಎಂಬ ಮಾತಿಗೆ ಇಲ್ಲಿ ಬರೆದ ಪುಸ್ತಕವೊಂದು ತಳಪಾಯ. ಇದು ಸಂಸ್ಕೃತವೋ, ಇತಿಹಾಸವೋ, ರಾಜ್ಯಶಾಸ್ತ್ರವೋ? ಎಚ್‌ಇಪಿ, ಎಚ್‌ಇಕೆ ಎಂದು ವಿಷಯಗಳ ಕಾಂಬಿನೇಷನ್ ಕಟ್ಟಿಟ್ಟ ನಾವು ಅದನ್ನು ಯಾವ ಪೀರಿಯಡ್ಡಿಗೂ ಸೇರಿಸಲಿಲ್ಲ.

ವಚನಗಳಿಗೂ ಇದೇ ಗತಿ. ದೊರೆ ಬಿಜ್ಜಳನ ಭಂಡಾರ ನೋಡಿಕೊಂಡವರು ಬಸವಣ್ಣನವರು. ಹಗ್ಗ ಹೊಸೆದವರು ನುಲಿಯ ಚಂದಯ್ಯ. ಅಕ್ಕಿ ಆಯ್ದು ಬದುಕಿದ ಮನೆ ಆಯ್ದಕ್ಕಿ ಲಕ್ಕಮ್ಮನದು. ಕೂಲಿ, ಸಂಗ್ರಹ, ದಾಸೋಹದ ಇಷ್ಟು ಚರ್ಚೆ ಇರುವ ಸಾಹಿತ್ಯವನ್ನು ನಮ್ಮ ಅರ್ಥಶಾಸ್ತ್ರದ ವಿದ್ಯಾರ್ಥಿ ಮುಟ್ಟುವುದಿಲ್ಲ, ಕನ್ನಡದ ವಿದ್ಯಾರ್ಥಿ ಬಾಯಿಪಾಠ ಮಾಡುತ್ತಾನೆ. ಮನೆಮನೆಯ ಜಗಲಿಯ ಮೇಲೆ ಪೂಜೆಗೊಂಡು ಕುಳಿತಿದ್ದ ತಾಡೋಲೆಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಮಾಡಿಸಿದ ಫ.ಗು. ಹಳಕಟ್ಟಿಯವರು ವಿಜಯಪುರದ ವಕೀಲರು ಎಂಬುದನ್ನು ನಾವು ಮರೆಯಬಾರದು. ಪೂಜೆಯಲ್ಲಿದ್ದುದನ್ನು ಅವರು ಓದಿಗೆ ತಂದರು.

ಗಡಿಯ ಈ ಸೀಮೆಯಲ್ಲಿ ಓದುವುದೆಂದರೆ ಒಂದೇ ಭಾಷೆಯ ಕೆಲಸವೂ ಅಲ್ಲ. ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆ ನಿಂತ ಮಾಣಿಕಪ್ರಭುಗಳ ಪದಗಳು ಮರಾಠಿ, ಕನ್ನಡ, ಹಿಂದುಸ್ತಾನಿಯಲ್ಲಿವೆ. ಸೊಲ್ಲಾಪುರದಲ್ಲಿ ಮರಾಠಿ ಶಾಲೆಯಲ್ಲಿ ಕಲಿತ ಜಯದೇವಿತಾಯಿ ಲಿಗಾಡೆಯವರು ಆಮೇಲೆ ಕನ್ನಡ ಕಲಿತು ಸಿದ್ಧರಾಮನ ಮೇಲೆ ಪುರಾಣ ಬರೆದರು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು, ಬಸವಕಲ್ಯಾಣವನ್ನೇ ಮನೆ ಮಾಡಿಕೊಂಡರು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಇಲ್ಲಿ 1948ರ ತನಕ ಆಡಳಿತ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಹುಮನಾಬಾದಿನ ಹುಡುಗನೊಬ್ಬ ಹೈದರಾಬಾದಿಗೆ ಹೋಗಿ ಇತಿಹಾಸ ಓದಿದ್ದರೆ ಅಶೋಕನನ್ನೂ ಉರ್ದುವಿನಲ್ಲೇ ಓದಬೇಕಿತ್ತು. ಇಂದು ಆ ಕಾಲದ ಜಮೀನಿನ ಕಾಗದಗಳು ಮನೆಯ ಸಂದೂಕಿನಲ್ಲಿವೆ. ಮೊಮ್ಮಕ್ಕಳಿಗೆ ಅವು ಬರೀ ಗೀರು. ತಕರಾರು ಬಂದ ದಿನ ಓದುವವರನ್ನು ಹುಡುಕಿಕೊಂಡು ಅಲೆಯಬೇಕು.

‘ಬಿ.ಎ. ಮಾಡಿ ಏನ್ ಮಾಡ್ತಿ?’ ಎಂದು ಕೇಳುವ ತಂದೆತಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ತೊಗರಿ, ಸೋಯಾ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟುವವರು ಕೇಳಲೇಬೇಕಾದ ಪ್ರಶ್ನೆ ಅದು. ಶಾಸನ ಓದಲು ಬಂದವರಿಗೆಲ್ಲ ನೌಕರಿ ಸಿಗುತ್ತದೆ ಎಂದು ಅವರಿಗೆ ಸುಳ್ಳು ಹೇಳಲಾರೆ. ಆದರೆ ಕಷ್ಟದ ಬರಹವನ್ನು ಬಿಡಿಸಿ ಓದಿ ಅದರ ಸಾರವನ್ನು ಒಂದು ಪುಟದಲ್ಲಿ ನೆಟ್ಟಗೆ ಬರೆಯಬಲ್ಲ ಹುಡುಗಿ ಕೋರ್ಟಿಗೂ ಬೇಕು, ಪತ್ರಿಕೆಗೂ ಬೇಕು, ಶಾಲೆಗೂ ಬೇಕು. ಆ ಕಸುವನ್ನು ಕೊಡದೆ ಮಾರ್ಕ್ಸ್ ಕಾರ್ಡ್ ಮಾತ್ರ ಕೊಟ್ಟು ಕಳಿಸಿದರೆ ಅವರ ದುಡ್ಡಿಗೆ ನಾವು ಮೋಸ ಮಾಡಿದ ಹಾಗೆ.

ನಮ್ಮ ರಾಜ್ಯದಲ್ಲಿ 2021ರಲ್ಲಿ ಪದವಿ ನಾಲ್ಕು ವರ್ಷಕ್ಕೆ ಹಿಗ್ಗಿತು, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಆ ಚರ್ಚೆ ಬೇರೆಯವರು ಮಾಡಲಿ. ಕಲಬುರಗಿಯನ್ನೇ ನೋಡುತ್ತಿದ್ದ ನಮಗೆ ಈಗ ಜಿಲ್ಲೆಯಲ್ಲೇ ಬೀದರ್ ವಿಶ್ವವಿದ್ಯಾಲಯವಿದೆ. ಅದರ ಮುಂದೆ ಈ ಸಂಕಿರಣ ಒಂದು ಬೇಡಿಕೆ ಇಡಲಿ: ಕೊನೆಯ ವರ್ಷದಲ್ಲಿ ಪ್ರತಿ ಬಿ.ಎ. ವಿದ್ಯಾರ್ಥಿ ತನ್ನ ಊರಿನ ಒಂದು ಮೂಲವನ್ನು, ಶಾಸನವೋ, ಉರ್ದು ಕಾಗದವೋ, ಮೋಡಿ ಲಿಪಿಯ ಲೆಕ್ಕವೋ, ಅಜ್ಜಿಯ ಬೀಸುಕಲ್ಲಿನ ಹಾಡೋ, ಓದಿ ಬರೆದುಕೊಡಬೇಕು. ಅದಕ್ಕೆ ಹಳಗನ್ನಡ ಲಿಪಿ, ಉರ್ದು, ಮೋಡಿ ಕಲಿಸುವವರು ಬೇಕು. ಕಲಿಸುವ ಅತಿಥಿ ಉಪನ್ಯಾಸಕರಿಗೆ ಹತ್ತು ತಿಂಗಳ ನೇಮಕದ ಅನಿಶ್ಚಯವಿಲ್ಲದ ಬದುಕೂ ಬೇಕು. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಮೊದಲ ಗೋಷ್ಠಿಗೆ ಮುನ್ನ ಸಂಘಟಕರಲ್ಲಿ ಒಂದು ವಿನಂತಿ. ಸಂಕಿರಣ ಮುಗಿದ ಮೇಲೆ ಜಲಸಂಗಿಗೆ ಒಂದು ಬಸ್ಸು ಮಾಡಿ. ವಿದ್ಯಾರ್ಥಿಗಳು ಮುಂದೆ ಕೂರಲಿ, ಜೊತೆಗೆ ಶಾಸನ ಓದಬಲ್ಲ ಒಬ್ಬರು ಇರಲಿ. ಅವಳ ಕೈ ಇರುವ ಮೊದಲ ಅಕ್ಷರದಿಂದ ಶುರು ಮಾಡೋಣ.